ಸಂಘದ ಪ್ಯಾಡಿಗೆ ಗಂಜಿತಿಳಿ ಹಾಕಿ ನೋಡಿದೆ

ನಾಲ್ಕು ತಿಂಗಳಿಂದ ನಾನು ಬಳಸ್ತಾ ಇರುದು ಕಾಪು ಹತ್ತಿರದ ಒಂದು ಮಹಿಳಾ ಸಂಘದವರು ಮಾಡುವ ಮುಟ್ಟಿನ ಪ್ಯಾಡ್. ಅದರ ಬಗ್ಗೆ ಬರಿ ಬರಿ ಅಂತ ಅಂಗಡಿಯಲ್ಲಿ ಜೊತೆಗೆ ಕೆಲ್ಸ ಮಾಡುವವರು ಹೇಳಿ ಹೇಳಿ, ಇವತ್ತು ಭಾನುವಾರ ಸ್ವಲ್ಪ ಪುರ್ಸೊತ್ತು ಸಿಕ್ಕಿತು ಅಂತ ಕೂತದ್ದು. ಬ್ರ್ಯಾಂಡ್ ಹೆಸರು ಕೇಳ್ಬೇಡಿ, ಹೆಸರೇ ಇಲ್ಲ ಅದಕ್ಕೆ. ಬಿಳಿ ಕವರಿನ ಮೇಲೆ ಸೈಜು, ರೇಟು, ಮಾಡಿದ ತಿಂಗಳು ಇಷ್ಟೇ ಪ್ರಿಂಟ್ ಉಂಟು, ಆ ಕಡೆ ಎಲ್ಲರೂ ಸಂಘದ ಪ್ಯಾಡ್ ಅಂತಲೇ ಹೇಳುದು. 280 ಎಂಎಂ ಸೈಜು, ಎಂಟು ಪೀಸಿಗೆ 48 ರೂಪಾಯಿ, ಅಂದ್ರೆ ಒಂದಕ್ಕೆ ಆರು ರೂಪಾಯಿ ಬಿತ್ತು.

ಮೊದಲು ನನ್ನ ಕೆಲ್ಸದ ಬಗ್ಗೆ ಹೇಳ್ಬೇಕು, ಇಲ್ಲದಿದ್ರೆ ಒಂದು ಪ್ಯಾಡಿಗೆ ಇಷ್ಟು ತಲೆ ಯಾಕೆ ಕೆಡಿಸಿಕೊಂಡಳು ಅಂತ ಅನಿಸಬಹುದು. ಮಂಗಳೂರಿನ ಹಂಪನಕಟ್ಟೆಯಲ್ಲಿ ಸೀರೆ ಅಂಗಡಿಯಲ್ಲಿ ಸೇಲ್ಸ್, 12 ವರ್ಷ ಆಯ್ತು. ಮನೆ ಪಡುಬಿದ್ರಿ, ಬೆಳಿಗ್ಗೆ ಎಕ್ಸ್‌ಪ್ರೆಸ್ ಬಸ್ಸು ಹಿಡಿದು ಬರುದು, ಸೀಟು ಸಿಕ್ಕಿದ್ರೆ ಸಿಕ್ಕಿತು. ಅಂಗಡಿಯಲ್ಲಿ ನಾವು ಬಿಳಿ ಹಾಸಿನ ಮೇಲೆ ಕಾಲು ಮಡಚಿ ಕೂತು ಸೀರೆ ಬಿಡಿಸಿ ತೋರಿಸುದು, ಗಿರಾಕಿ ಇದಲ್ಲ ಮೇಲಿನ ಹಸಿರು ತೆಗೀರಿ ಅಂದ್ರೆ ಎದ್ದು ರ‍್ಯಾಕಿನಿಂದ ಎಳೆದು ಮತ್ತೆ ಕೂರುದು, ಮದುವೆ ಸೀಸನ್ ಅಂದ್ರೆ ಒಂದು ದಿನಕ್ಕೆ ಹೀಗೆ ನೂರು ಸಲ ಕೂತು ಎದ್ದು ಆಗ್ತದೋ ಏನೋ. ಟಾಯ್ಲೆಟ್ ಮೂರನೇ ಮಹಡಿಯಲ್ಲಿ, ರಶ್ ಇದ್ರೆ ಊಟದ ಹೊತ್ತಿಗೆ ಒಂದು ಸಲ ಹೋದದ್ದೇ.

ಪೀರಿಯಡ್ಸ್ ಆದವರಿಗೆಲ್ಲ ಗೊತ್ತಿರುವ ವಿಷಯ ಇದು: ತುಂಬಾ ಹೊತ್ತು ಕೂತು ಒಮ್ಮೆಲೇ ಎದ್ದಾಗ ದಡಕ್ಕಂತ ಬರ್ತದೆ. ಕೂತಿದ್ದಾಗ ಒಳಗೆ ನಿಂತದ್ದೆಲ್ಲ ಎದ್ದ ಆ ಒಂದು ಕ್ಷಣದಲ್ಲಿ ಇಳೀತದೆ. ಕಳೆದ ವರ್ಷ ದೀಪಾವಳಿ ವಾರ, ಎರಡನೇ ದಿನ ನನಗೆ. ಹಾಕಿದ್ದದ್ದು ಸೂಪರ್‌ಮಾರ್ಕೆಟಿನ ದುಬಾರಿ ಪ್ಯಾಡ್, ತೆಳ್ಳಗಿನದ್ದು, ಒಂದಕ್ಕೆ 15 ರೂಪಾಯಿ ಬೀಳುದು. ಹಾಕಿ ಎರಡು ಗಂಟೆ ಕೂಡ ಆಗಿರ್ಲಿಲ್ಲ. ಮದುವೆ ಪಾರ್ಟಿಯವರು ಮುಂದೆ ಕೂತಿದ್ದಾರೆ, ನಾನು ಎದ್ದೆ, ಪಕ್ಕದಲ್ಲಿದ್ದ ಹುಡುಗಿ ಬಗ್ಗಿ ನನ್ನ ಕಿವಿಯಲ್ಲಿ "ಅಕ್ಕಾ, ಕೂತ್ಕೊಳ್ಳಿ" ಅಂದಳು. ಬಿಳಿ ಹಾಸಿನ ಮೇಲೆ ಐದು ರೂಪಾಯಿ ಕಾಯಿನ್ ಅಷ್ಟು ದೊಡ್ಡ ಕಲೆ. ಅವಳು ಎಂತ ಮಾಡಿದಳು ಗೊತ್ತುಂಟಾ, ಒಂದು ಕಾಂಚೀಪುರಂ ಸೀರೆ ಬಿಡಿಸಿ ಅದರ ಮೇಲೆಯೇ ಹರಡಿ ಗಿರಾಕಿಗೆ ಬಾರ್ಡರ್ ತೋರಿಸ್ಲಿಕ್ಕೆ ಶುರು ಮಾಡಿದಳು, ನಾನು ಹಿಂದಿನಿಂದ ಜಾರಿ ಮೇಲೆ ಹೋದೆ. ಆ ಸೀರೆಗೆ ತಾಗ್ಲಿಲ್ಲ ಪುಣ್ಯಕ್ಕೆ. ಟಾಯ್ಲೆಟ್ಟಲ್ಲಿ ಪ್ಯಾಡ್ ತೆಗೆದು ನೋಡಿದ್ರೆ ಮುಂದೆ ಹಿಂದೆ ಎರಡೂ ತುದಿ ಬೆಳ್ಳಗೆ ಒಣಗಿಕೊಂಡೇ ಉಂಟು, ನಡುವಿನಲ್ಲಿ ಮಾತ್ರ ತುಂಬಿ ಸೈಡಿನಿಂದ ಹರಿದಿದೆ. ಅರ್ಧಕ್ಕರ್ಧ ಪ್ಯಾಡ್ ಖಾಲಿ ಇದ್ದೂ ಲೀಕ್! ನನಗೆ ಅಳು ಬಂದದ್ದು ನಾಚಿಕೆಗಿಂತ ಹೆಚ್ಚು ಆ ಸಿಟ್ಟಿಗೆ.

ಆ ಸಿಟ್ಟಲ್ಲೇ ನಾನು ಇದನ್ನು ಕಲಿಯಲಿಕ್ಕೆ ಹೊರಟದ್ದು.

ಅಣ್ಣನ ಮಗಳು ದೇರಳಕಟ್ಟೆಯಲ್ಲಿ ನರ್ಸಿಂಗ್ ಓದ್ತಾಳೆ. ಅವಳು ಮೊದಲು ಹೇಳಿದ್ದು, ಅತ್ತೆ, ಒಂದು ಇಡೀ ಪೀರಿಯಡ್ಸಿಗೆ ಸಾಮಾನ್ಯವಾಗಿ ಹೋಗುದು 30-40 ಎಂಎಲ್, 80 ದಾಟಿದ್ರೆ ಜಾಸ್ತಿ ಅಂತ ಲೆಕ್ಕ, ಒಂದೊಂದು ಗಂಟೆಗೆ ಪ್ಯಾಡ್ ತುಂಬಿ ಹೋಗ್ತಾ ಇದ್ರೆ ಪ್ಯಾಡ್ ಬದಲಾಯಿಸಿದ್ರೆ ಸಾಲದು, ಹಿಮೋಗ್ಲೋಬಿನ್ ನೋಡ್ಬೇಕು ಅಂತ. ನೋಡಿಸಿದೆ, 9.1 ಇತ್ತು, ಹೆಂಗಸರಿಗೆ 12 ಆದ್ರೂ ಇರ್ಬೇಕಂತೆ. ಸ್ಕ್ಯಾನಿಂಗಲ್ಲಿ ಗರ್ಭಕೋಶದಲ್ಲಿ ಸಣ್ಣ ಫೈಬ್ರಾಯ್ಡ್ ಗಡ್ಡೆ ಸಿಕ್ಕಿತು, ಮದ್ದು ನಡೀತಾ ಉಂಟು. ಇದನ್ನು ಇಲ್ಲಿ ಬರೆದದ್ದು ಯಾಕಂದ್ರೆ ನನ್ನ ಹಾಗೆಯೇ "ನಂದು ಮೊದಲಿಂದ ಸ್ವಲ್ಪ ಜಾಸ್ತಿಯೇ" ಅಂತ ಹತ್ತು ವರ್ಷ ತಳ್ಳಿಕೊಂಡು ಬಂದವರು ಬೇಕಾದಷ್ಟು ಜನ ಇದ್ದೀರಿ, ದಯವಿಟ್ಟು ಒಂದು ರಕ್ತ ಪರೀಕ್ಷೆ ಮಾಡಿಸಿ.

ಅವಳೇ ಹೇಳಿದ ಇನ್ನೊಂದು ವಿಷಯ ನನ್ನ ತಲೆಯಿಂದ ಹೋಗ್ಲೇ ಇಲ್ಲ. ಇಷ್ಟು ವರ್ಷ ಟಿವಿಯಲ್ಲಿ ಪ್ಯಾಡ್ ಮೇಲೆ ನೀಲಿ ನೀರು ಹೊಯ್ದು ತೋರಿಸಿದ್ರಲ್ಲ, ಮುಟ್ಟಿನ ರಕ್ತ ಹಾಗೆ ನೀರಾಗಿ ಇರುದೇ ಇಲ್ಲ. ಅದರಲ್ಲಿ ಲೋಳೆ ಉಂಟು, ಗರ್ಭಕೋಶದ ಒಳಪದರದ ತುಣುಕು ಉಂಟು, ಗಡ್ಡೆ ಉಂಟು, ಉಪ್ಪು ಉಂಟು. ಅಮೆರಿಕದ ಒರೆಗಾನ್‌ನಲ್ಲಿ ಸಂಶೋಧಕರು 21 ಬಗೆಯ ಪ್ಯಾಡು, ಕಪ್ಪು, ಟ್ಯಾಂಪೂನು, ಪೀರಿಯಡ್ ಚಡ್ಡಿ ಎಲ್ಲದಕ್ಕೂ ನಿಜವಾದ ರಕ್ತವನ್ನೇ ಹಾಕಿ ಎಷ್ಟು ಹಿಡೀತದೆ ಅಂತ ಅಳೆದದ್ದು 2023ರಲ್ಲಿ ಪ್ರಕಟ ಆಯ್ತಂತೆ, ರಕ್ತದಾನದ್ದು ಅವಧಿ ಮುಗಿದ ಕೆಂಪು ರಕ್ತಕಣ ಉಪಯೋಗಿಸಿದ್ದು. ಅದಕ್ಕೆ ಮೊದಲು ಹಾಗೆ ಒಟ್ಟಿಗೆ ರಕ್ತ ಹಾಕಿ ಹೋಲಿಸಿ ನೋಡಿದವರೇ ಇರ್ಲಿಲ್ಲ ಅಂತ. ಮಂಗಳನಿಗೆ ರಾಕೆಟ್ ಹೋಗಿ ಎಷ್ಟು ವರ್ಷ ಆದ ಮೇಲೆ ನೋಡಿ.

ನಮ್ಮಲ್ಲಿ ಕೊಯಮತ್ತೂರಿನ ಅರುಣಾಚಲಂ ಮುರುಗನಾಥಂ ಅವರು ಈ ಮಾತನ್ನು ಎಷ್ಟೋ ಮೊದಲೇ ಅರ್ಥ ಮಾಡಿಕೊಂಡಿದ್ರು, ಫುಟ್ಬಾಲಿನ ಬ್ಲಾಡರಿಗೆ ಆಡಿನ ರಕ್ತ ತುಂಬಿಸಿ ತಾವೇ ಕಟ್ಟಿಕೊಂಡು ನಡೆದು ನೋಡಿದ ಮನುಷ್ಯ. ಶುರುವಿಗೆ ಹತ್ತಿ ಹಾಕಿ ಮಾಡಿ ಸೋತು, ಆಮೇಲೆ ಅವರಿಗೆ ಗೊತ್ತಾದದ್ದು ಕಂಪೆನಿಯವರು ಹಾಕುದು ಮರದ ತಿರುಳಿನ ಪಲ್ಪ್ ಅಂತ. 2016ರಲ್ಲಿ ಪದ್ಮಶ್ರೀ ಬಂತು ಅವರಿಗೆ. ಸಣ್ಣ ಮಷಿನ್ ಇಟ್ಟು ಊರಲ್ಲೇ ಪ್ಯಾಡ್ ಮಾಡಬಹುದು ಅಂತ ತೋರಿಸಿದವರು ಅವರೇ, ಕಾಪುವಿನ ಈ ಸಂಘ ಕೂಡ ಅಂಥದ್ದೇ ಸಣ್ಣ ಯೂನಿಟ್, ಒಂದು ಹಳೇ ಮನೆಯ ಚಾವಡಿಯಲ್ಲಿ ಏಳು ಜನ ಹೆಂಗಸರು.

ಸಂಘದ ಪ್ಯಾಡ್ ನನಗೆ ಸಿಕ್ಕಿದ್ದು ಅತ್ತಿಗೆ ಮೂಲಕ. ಒಂದು ಪ್ಯಾಕೆಟ್ ಬಳಸಿ ನೋಡಿ, ಲೀಕ್ ಆಗದ್ದು ಕಂಡು, ಇದು ಹೇಗೆ ಅಂತ ನೋಡ್ಲೇಬೇಕು ಅಂತ ಒಂದು ರಜೆ ದಿನ ಅಲ್ಲಿಗೇ ಹೋದೆ. ಅಲ್ಲಿಯ ಹಿರಿಯ ಅಕ್ಕ ಒಬ್ರು ಟೇಬಲ್ ಮೇಲೆ ಪ್ಯಾಡನ್ನು ಕತ್ತರಿಯಿಂದ ಉದ್ದಕ್ಕೆ ಸೀಳಿ ಪದರ ಪದರ ಬಿಡಿಸಿ ತೋರಿಸಿದ್ರು. ಮೇಲೆ ತೆಳ್ಳಗಿನ ಟಾಪ್ ಶೀಟು. ಅದರ ಕೆಳಗೆ ನಡುವಿನ ಭಾಗಕ್ಕೆ ಮಾತ್ರ ಒಂದು ಪಟ್ಟಿ, ಮುಟ್ಟಿದ್ರೆ ಸ್ಪಂಜಿನ ಹಾಗೆ ಬಿಡಿ ಬಿಡಿ. ಅದರ ಕೆಳಗೆ ಪಲ್ಪ್, ಪಲ್ಪಿನ ಅಡಿಯಲ್ಲಿ ಜೆಲ್ ಶೀಟು, ಕೊನೆಗೆ ನೀರು ದಾಟದ ಬ್ಯಾಕ್ ಶೀಟು.

"ಮೊದಲು ನಮ್ಮದೂ ನಡುವಲ್ಲೇ ತುಂಬಿ ಸೈಡಿಗೆ ಹೋಗ್ತಿತ್ತು ಮಾರಾಯ್ತಿ, ವಾಪಸ್ ತಂದು ಕೊಟ್ಟವರೂ ಇದ್ದಾರೆ" ಅಂದ್ರು ಅಕ್ಕ. ಮುಚ್ಚಿಡ್ಲಿಲ್ಲ, ಅದು ನನಗೆ ಇಷ್ಟ ಆಯ್ತು. ಆಗ ಪಲ್ಪನ್ನು ಎಲ್ಲ ಕಡೆ ಒಂದೇ ಸಮ ಒತ್ತಿ ಬಿಡ್ತಿದ್ರಂತೆ. ಗಟ್ಟಿ ಒತ್ತಿದ್ರೆ ನಾರು ನಾರು ಹತ್ತಿರ ಹತ್ತಿರ ಬಂದು ದೂರಕ್ಕೆ ಎಳೆಯುವ ಶಕ್ತಿ ಬರ್ತದೆ, ಆದ್ರೆ ಮೇಲಿಂದ ಬಿದ್ದದ್ದು ಒಳಗೆ ಇಳೀಲಿಕ್ಕೆ ತಡ ಆಗ್ತದೆ. ಸಡಿಲ ಬಿಟ್ರೆ ಬೇಗ ಇಳೀತದೆ ಆದ್ರೆ ಅಲ್ಲೇ ನಿಂತು ಬಿಡ್ತದೆ, ಕೂತಾಗ ಒತ್ತಡ ಬಿದ್ರೆ ವಾಪಸ್ ಮೇಲೆ ಬರ್ತದೆ. ಎರಡೂ ಬೇಕು ಅಂತಾದ್ರೆ ಮೇಲೆ ಸಡಿಲ ಕೆಳಗೆ ಗಟ್ಟಿ ಇರ್ಬೇಕು, ಸಣ್ಣ ಸಂದು ದೊಡ್ಡ ಸಂದಿನಿಂದ ಎಳೆದುಕೊಳ್ತದೆ, ದೀಪದ ಬತ್ತಿ ಎಣ್ಣೆ ಎಳೆದ ಹಾಗೆ. ಅದಕ್ಕೇ ಆ ನಡುವಿನ ಪಟ್ಟಿ ಹೊಸದಾಗಿ ಸೇರಿಸಿದ್ದು, ದಡಕ್ಕಂತ ಬಂದದ್ದನ್ನು ಅದು ಒಂದು ಕ್ಷಣ ಹಿಡಿದು, ಉದ್ದಕ್ಕೆ ಹಂಚಿ, ನಿಧಾನ ಕೆಳಗೆ ಬಿಡ್ತದೆ. ಮತ್ತೆ ಪ್ಯಾಡ್ ಮೇಲೆ ಉದ್ದಕ್ಕೆ ಎರಡು ಗೆರೆ ಒತ್ತಿದ್ದಾರೆ, ಬೆರಳಾಡಿಸಿದ್ರೆ ಸಿಗ್ತದೆ. ಇದೆಂತ ಡಿಸೈನಾ ಅಂತ ಕೇಳಿದೆ. "ತೋಟಕ್ಕೆ ಕಣಿ ತೆಗೆಯುದಿಲ್ವಾ, ಅದೇ. ನೀರು ಬದಿ ದಾಟದೆ ಕಣಿಯಲ್ಲೇ ತುದಿಯವರೆಗೆ ಹೋಗ್ಬೇಕು" ಅಂದ್ರು. ಅಡಿಕೆ ತೋಟ ನೋಡಿದವರಿಗೆ ಇದಕ್ಕಿಂತ ಚಂದ ಮಾಡಿ ಯಾರು ಹೇಳ್ಬೇಕು.

ಜೆಲ್ ಬಗ್ಗೆ ಸ್ವಲ್ಪ ಜಾಸ್ತಿ ಬರೀತೇನೆ, ಯಾಕಂದ್ರೆ ನಾವು ಮೋಸ ಹೋಗುದು ಇಲ್ಲಿಯೇ. ತೆಳ್ಳಗಿನ ಪ್ಯಾಡುಗಳು ಅಷ್ಟು ತೆಳ್ಳಗೆ ಇರ್ಲಿಕ್ಕೆ ಕಾರಣ ಸೋಡಿಯಂ ಪಾಲಿಅಕ್ರಿಲೇಟ್ ಅನ್ನುವ ಪುಡಿ, ಮಕ್ಕಳ ಡೈಪರಲ್ಲಿ ಇರುದೂ ಅದೇ. ಶುದ್ಧ ನೀರಾದ್ರೆ ತನ್ನ ತೂಕದ ನೂರಾರು ಪಟ್ಟು ಕುಡೀತದೆ. ಉಪ್ಪು ಸೇರಿದ ಕೂಡ್ಲೆ ಅದರ ಶಕ್ತಿ ಹತ್ತರಲ್ಲಿ ಒಂದು ಪಾಲಿಗೆ ಇಳೀತದೆ, ರಕ್ತದಲ್ಲಂತೂ ಇನ್ನೂ ಕಡಿಮೆ. ನಾನು ನಂಬ್ಲಿಲ್ಲ, ಮನೆಗೆ ಬಂದು ದುಬಾರಿ ಪ್ಯಾಡ್ ಒಂದನ್ನು ಸೀಳಿ ಪುಡಿ ಉದುರಿಸಿ ಒಂದು ಗ್ಲಾಸಿಗೆ ಹಾಕಿ ನೀರು ಹೊಯ್ದೆ. ಒಂಬತ್ತನೇ ಕ್ಲಾಸಿನ ಮಗಳೂ ಪಕ್ಕದಲ್ಲಿ ಕೂತು ನೋಡ್ತಿದ್ದಳು. ಎರಡು ನಿಮಿಷದಲ್ಲಿ ಸಬ್ಬಕ್ಕಿ ಬೆಂದ ಹಾಗೆ ಕಾಳು ಕಾಳಾಗಿ ಗ್ಲಾಸ್ ತುಂಬ ಉಬ್ಬಿತು, ಗ್ಲಾಸ್ ಕವುಚಿ ಹಾಕಿದ್ರೂ ಬೀಳುದಿಲ್ಲ. ಆಮೇಲೆ ಒಂದು ಚಮಚ ಉಪ್ಪು ಹಾಕಿ ಕದಡಿದೆ. ಅಷ್ಟೂ ಕರಗಿ ಇಳಿದು ಪುನಃ ನೀರು ನೀರು. ಮಗಳು "ಅಮ್ಮಾ, ಇಷ್ಟೇಯಾ?" ಅಂದಳು. ಅಷ್ಟೇ. ಮತ್ತೊಂದು ಸಮಸ್ಯೆ ಎಂತ ಅಂದ್ರೆ ಈ ಪುಡಿ ಮೇಲಿನ ಪದರದಲ್ಲೇ ಒತ್ತಾಗಿ ಇದ್ರೆ, ಮೊದಲು ಬಿದ್ದ ಹನಿಗೇ ಉಬ್ಬಿ ಒಂದಕ್ಕೊಂದು ಅಂಟಿ ಮುಚ್ಚಳ ಹಾಕಿದ ಹಾಗೆ ದಾರಿ ಮುಚ್ಚಿ ಬಿಡ್ತದೆ, ಕೆಳಗಿನ ಪುಡಿ ಒಣಗಿಯೇ ಇರ್ತದೆ, ಮೇಲಿಂದ ಬರುದು ಸೈಡಿಗೆ ಹರೀತದೆ. ದೀಪಾವಳಿ ದಿನ ನನಗೆ ಆದದ್ದು ಇದೇ ಇರ್ಬೇಕು. ಸಂಘದವರು ಜೆಲ್ ಶೀಟನ್ನು ಪಲ್ಪಿನ ಅಡಿಗೆ ಹಾಕಿದ್ದು ಅದಕ್ಕೇ, ಹರಡಿ ಆದ ಮೇಲೆ ಜೆಲ್ಲಿಗೆ ಸಿಗ್ಲಿ ಅಂತ.

ಅಕ್ಕನ ಹತ್ತಿರ ಬಿಐಎಸ್, ಅಂದ್ರೆ ವಸ್ತುಗಳಿಗೆ ಸ್ಟ್ಯಾಂಡರ್ಡ್ ಮಾಡುವ ಸರ್ಕಾರದ ಸಂಸ್ಥೆ, ಅದರ ಐಎಸ್ 5405 ಅನ್ನುವ ಸ್ಟ್ಯಾಂಡರ್ಡಿನ ಪ್ರಿಂಟ್ ಕೂಡ ಇತ್ತು, ಪ್ಯಾಡಿಗೂ ಸ್ಟ್ಯಾಂಡರ್ಡ್ ಇರ್ತದೆ ಅಂತ ನನಗೆ ಗೊತ್ತಾದದ್ದೇ ಆವಾಗ. 1980ರ ಆವೃತ್ತಿಯ ಪ್ರಕಾರ ನಿಮಿಷಕ್ಕೆ 15 ಎಂಎಲ್ ಹಾಗೆ 30 ಎಂಎಲ್ ಬಿಟ್ರೆ ಅಡಿಯಿಂದಲೂ ಬದಿಯಿಂದಲೂ ಹೊರಗೆ ಕಾಣ್ಬಾರ್ದು, ಬಿಡುದು ಬಣ್ಣದ ನೀರು ಆಗಬಹುದು, ಕುರಿ ಅಥವಾ ಆಡಿನ ರಕ್ತವೂ ಆಗಬಹುದು. 2019ರಲ್ಲಿ ಅದನ್ನು ಪರಿಷ್ಕರಿಸಿದ್ದಾರೆ. ಬಣ್ಣದ ನೀರಿಗೂ ರಕ್ತಕ್ಕೂ ಎಷ್ಟು ವ್ಯತ್ಯಾಸ ಅಂತ ಆ ಗ್ಲಾಸ್ ನೋಡಿದ ಮೇಲೆ ನನಗೆ ಬೇರೆ ಹೇಳ್ಬೇಕಾಗಿಲ್ಲ.

ಹಾಗೆ ಮನೆಯಲ್ಲೇ ಪರೀಕ್ಷೆ ಮಾಡಿದೆ. ರಕ್ತ ಎಲ್ಲಿಂದ ತರುದು, ನಾನು ತೆಗೆದುಕೊಂಡದ್ದು ಕುಚ್ಚಲಕ್ಕಿ ಗಂಜಿಯ ತಿಳಿ. ಸೋಸಿ, ಆರಿಸಿ, ಉಪ್ಪು ಹಾಕಿ, ಕಾಣ್ಲಿಕ್ಕೆ ಅಂತ ಚಿಟಿಕೆ ಕುಂಕುಮ. ಗಂಜಿತಿಳಿಗೆ ಆ ಸ್ವಲ್ಪ ಕೊಳಕೊಳ ಉಂಟಲ್ಲ, ಬೆರಳಿಗೆ ತಾಗಿದ್ರೆ ಜಾರುದು, ನೀರಿಗಿಂತ ಅದು ಎಷ್ಟೋ ಹತ್ತಿರ. ಮಗಳ ಜ್ವರದ ಮದ್ದಿನ ಜೊತೆ ಬಂದಿದ್ದ 10 ಎಂಎಲ್ ಸಿರಿಂಜು, ಮೊಬೈಲಲ್ಲಿ ಸ್ಟಾಪ್‌ವಾಚು, ಅಡಿಯಲ್ಲಿ ಹಾಸ್ಲಿಕ್ಕೆ ನ್ಯೂಸ್ ಪೇಪರ್. ಮೂರು ಪ್ಯಾಡು: ಆ ದುಬಾರಿ ತೆಳ್ಳಗಿನದ್ದು, ಫ್ಯಾನ್ಸಿ ಅಂಗಡಿಯ ದಪ್ಪ ಹತ್ತಿಯಂಥದ್ದು, ಸಂಘದ್ದು. ಪ್ರತಿಯೊಂದೂ ಮೂರು ಸಲ ಮಾಡಿದೆ.

ಬರೀ ಬಣ್ಣದ ನೀರಿಗೆ ತೆಳ್ಳಗಿನದ್ದೇ ಫಸ್ಟ್, ಸುಳ್ಳು ಹೇಳುದಿಲ್ಲ, 10 ಎಂಎಲ್ ನಾಲ್ಕು ಸೆಕೆಂಡಲ್ಲಿ ಮಾಯ, ಟಿವಿಯಲ್ಲಿ ತೋರಿಸಿದ ಹಾಗೆಯೇ. ಗಂಜಿತಿಳಿ ಹಾಕಿದಾಗ ಅದೇ ಪ್ಯಾಡ್ ಮೇಲೆ ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ಗುಂಡಾಗಿ ನಿಂತು, ಆಚೆ ಈಚೆ ಓಲಾಡಿ, ಒಂದು ಪಾಲು ವಿಂಗ್ಸ್ ದಾಟಿ ಪೇಪರಿಗೆ ಬಿತ್ತು, ಉಳಿದದ್ದು ಇಳೀಲಿಕ್ಕೆ 25 ಸೆಕೆಂಡ್. ದಪ್ಪದ್ದು ಆರು ಸೆಕೆಂಡಲ್ಲಿ ಇಳಿಸಿತು, ಆದ್ರೆ ರೊಟ್ಟಿಯ ಹಾಗೆ ಉರುಟಾಗಿ ನಡುವಲ್ಲೇ ನಿಂತಿತು, ಮೇಲೆ ಟಿಶ್ಯೂ ಪೇಪರ್ ಇಟ್ಟು ಒಂದು ಕೆಜಿ ಉಪ್ಪಿನ ಪ್ಯಾಕೆಟ್ ಒಂದು ನಿಮಿಷ ಇಟ್ಟು ತೆಗೆದ್ರೆ ಟಿಶ್ಯೂ ಚಂಡಿ ಚಂಡಿ. ಸಂಘದ್ದು ಒಂಬತ್ತು ಸೆಕೆಂಡ್ ತೆಗೆದುಕೊಂಡಿತು. ಆದ್ರೆ ನೋಡ್ಲಿಕ್ಕೆ ಚಂದ ಅಂದ್ರೆ ಅದು, ಬಿದ್ದ ಕೂಡ್ಲೆ ಕೆಂಪು ಆ ಎರಡು ಗೆರೆಯ ನಡುವೆ ಮುಂದಕ್ಕೂ ಹಿಂದಕ್ಕೂ ಹರಿಯುದು ಕಣ್ಣಿಗೇ ಕಾಣ್ತದೆ, ಸ್ಕೇಲ್ ಇಟ್ಟು ನೋಡಿದ್ರೆ 17 ಸೆಂಟಿಮೀಟರ್ ಉದ್ದಕ್ಕೆ ಹೋಗಿದೆ. ಉಪ್ಪಿನ ಪ್ಯಾಕೆಟ್ ಇಟ್ಟಾಗ ಟಿಶ್ಯೂವಿಗೆ ಬಂದದ್ದು ತೆಳು ಗುಲಾಬಿ ಬಣ್ಣ ಮಾತ್ರ. 30 ಎಂಎಲ್ ತನಕ ಹಾಕಿದೆ, ಪೇಪರ್ ಒಣಗಿಯೇ ಇತ್ತು.

ಬಳಸಿದ ಅನುಭವ ಕೂಡ ಹಾಗೆಯೇ. ಮೊದಲ ತಿಂಗಳು ಹೆದರಿ ಎರಡು ಗಂಟೆಗೊಮ್ಮೆ ಓಡಿ ಹೋಗಿ ನೋಡ್ತಿದ್ದೆ, ಈಗ ಎರಡನೇ ದಿನ ಕೂಡ ಬೆಳಿಗ್ಗೆ ಬಸ್ಸು ಹತ್ತಿ ಊಟದ ಹೊತ್ತಿಗೆ ಬದಲಾಯಿಸುದು, ನಾಲ್ಕು ನಾಲ್ಕೂವರೆ ಗಂಟೆ. ಅದಕ್ಕಿಂತ ಹೆಚ್ಚು ಹೊತ್ತು ಇಡ್ಬೇಡಿ, ಪ್ಯಾಡ್ ತಡೆದ್ರೂ ಚರ್ಮ ತಡೆಯುದಿಲ್ಲ, ನಮ್ಮ ಈ ಕರಾವಳಿ ಸೆಕೆಯಲ್ಲಿ ತೊಡೆ ಸಂದು ಎಲ್ಲ ಹುಣ್ಣಾಗ್ತದೆ. ಸೆಂಟ್ ಹಾಕಿಲ್ಲ ಇದಕ್ಕೆ, ಅದು ದೊಡ್ಡ ಸಮಾಧಾನ, ಆ ಪರಿಮಳದ್ದು ಹಾಕಿ ನನಗೆ ಮೊದಲು ತುರಿಕೆ ಆದದ್ದುಂಟು.

ಈಗ ಸರಿ ಇಲ್ಲದ್ದು ಹೇಳ್ತೇನೆ. ಗಮ್ಮು. ಬೆವರು ಬಂದ್ರೆ ವಿಂಗ್ಸ್ ಬಿಟ್ಟು ಹೋಗ್ತದೆ, ಜೂನ್ ಜುಲೈಯಲ್ಲಿ ಒದ್ದೆ ಹವೆಗೆ ಪ್ಯಾಕೆಟ್ ಒಳಗೇ ಗಮ್ಮಿನ ಅಂಟು ಕಡಿಮೆ ಆಗಿತ್ತು, ಎರಡು ಸಲ ಬಸ್ಸಲ್ಲಿ ನಿಂತಿದ್ದಾಗ ಪ್ಯಾಡ್ ಹಿಂದಕ್ಕೆ ಸರಿಯಿತು. ಎಷ್ಟು ಚಂದ ಹೀರಿದ್ರೂ ಜಾಗದಲ್ಲಿ ನಿಲ್ಲದಿದ್ರೆ ಎಂತ ಪ್ರಯೋಜನ, ಇದು ಸಣ್ಣ ತಪ್ಪು ಅಂತ ನಾನು ಹೇಳುದಿಲ್ಲ, ಅಕ್ಕನ ಹತ್ತಿರವೂ ಹಾಗೆಯೇ ಹೇಳಿದ್ದೇನೆ. ಸೀರೆಗೆ ಚೂಡಿದಾರಿಗೆ ಅಡ್ಡಿ ಇಲ್ಲ, ಲೆಗ್ಗಿನ್ಸ್ ಹಾಕುವವರಿಗೆ ದಪ್ಪ ಗೊತ್ತಾಗ್ತದೆ, ಮಗಳ ಕಂಪ್ಲೇಂಟು ಅದೇ. ರಾತ್ರಿಗೆ ಉದ್ದದ ಸೈಜು ಇಲ್ಲ, ಮಲಗಿದಾಗ ಹರಿಯುದು ಹಿಂದಕ್ಕೆ, 280 ಸಾಕಾಗುದಿಲ್ಲ, ನಾನು ರಾತ್ರಿ ಬೇರೆಯದ್ದೇ ಹಾಕುದು. ಮಳೆಗಾಲದಲ್ಲಿ ಕರೆಂಟ್ ಹೋಗಿ ಹೋಗಿ ಮಷಿನ್ ನಿಂತು, ಆಗಸ್ಟಲ್ಲಿ ಮೂರು ವಾರ ಮಾಲೇ ಇರ್ಲಿಲ್ಲ.

ಇದು ಮಣ್ಣಲ್ಲಿ ಕರಗ್ತದಾ ಅಂತ ಕೇಳುವವರಿಗೆ: ಇಲ್ಲ. ನಾನೂ ಕೇಳಿದೆ, ಅಕ್ಕ ನೇರ ಹೇಳಿದ್ರು, ಪಲ್ಪ್ ಕರಗ್ತದೆ, ಬ್ಯಾಕ್ ಶೀಟು ಪ್ಲಾಸ್ಟಿಕ್, ಜೆಲ್ಲೂ ಬೇಗ ಹೋಗುದಿಲ್ಲ ಅಂತ. ಪೇಪರಲ್ಲಿ ಸುತ್ತಿ ಬೇರೆಯೇ ಕಟ್ಟಿ ಕಸದವರಿಗೆ ಕೊಡಿ, ದಯವಿಟ್ಟು ಟಾಯ್ಲೆಟ್ಟಿಗೆ ಹಾಕ್ಬೇಡಿ. 2019ರ ಆಗಸ್ಟಲ್ಲಿ ಪಚ್ಚನಾಡಿ ಕಸದ ಗುಡ್ಡ ಜರಿದು ಮಂದಾರ ಅನ್ನುವ ಊರಿನ ಮನೆ ತೋಟ ಎಲ್ಲ ಮುಚ್ಚಿ ಹೋದದ್ದು ನಾವು ಮಂಗಳೂರಿನವರು ಮರೆಯುವ ಹಾಗಿಲ್ಲ, ಆ ಗುಡ್ಡದಲ್ಲಿ ನಮ್ಮ ಪ್ಯಾಡೂ ಇತ್ತು. ಬಟ್ಟೆ ಪ್ಯಾಡ್ ಒಳ್ಳೇದು ಅಂತ ಗೊತ್ತುಂಟು, ನನ್ನ ಅಮ್ಮ ಹಳೇ ಸೀರೆ ತುಂಡನ್ನೇ ಬಳಸಿದ್ದು, ಮಳೆಗಾಲದಲ್ಲಿ ಅದು ಒಣಗದೆ ಬಚ್ಚಲೊಲೆ ಹತ್ತಿರ ಯಾರಿಗೂ ಕಾಣದ ಹಾಗೆ ಬೇರೆ ಬಟ್ಟೆ ಅಡಿಯಲ್ಲಿ ಹಾಕ್ತಿದ್ದದ್ದು ನೋಡಿದ್ದೇನೆ, ಅರೆ ಒಣಗಿದ್ದನ್ನೇ ಪುನಃ ಕಟ್ಟಿಕೊಳ್ಳುದು. ಬಿಸಿಲಿಗೆ ಹಾಕ್ಲಿಕ್ಕೆ ಜಾಗ ಇದ್ದವರು ಬಟ್ಟೆ ಬಳಸಿ. ಮುಟ್ಟಿನ ಕಪ್ ಕೂಡ ನಮ್ಮ ದಕ್ಷಿಣ ಕನ್ನಡದಲ್ಲಿ ಸರ್ಕಾರದ್ದೇ ಯೋಜನೆಯಲ್ಲಿ ಹುಡುಗಿಯರಿಗೆ ಕೊಟ್ಟಿದ್ದಾರೆ, ಆಗುವವರಿಗೆ ಅದು ವರ್ಷಗಟ್ಟಲೆ ಬರ್ತದೆ. ಕೊನೆಯ ಎರಡು ದಿನ ಕಡಿಮೆ ಇದ್ದಾಗ ನಾನು ಜನೌಷಧಿಯಲ್ಲಿ ಸಿಗುವ ಒಂದು ರೂಪಾಯಿಯ ಪ್ಯಾಡೇ ಹಾಕುದು, ಆಗ ಇಷ್ಟೆಲ್ಲ ಕಣಿ ಗಿಣಿ ಬೇಕಾಗುದಿಲ್ಲ.

ಅಣ್ಣನ ಮಗಳು ಮೊನ್ನೆ ಇನ್ನೊಂದು ಹೇಳಿದಳು, 2024ರಲ್ಲಿ ಅಮೆರಿಕದ ವರ್ಜೀನಿಯಾ ಟೆಕ್‌ನವರು ಕಡಲ ಪಾಚಿಯಿಂದ ತೆಗೆಯುವ ಅಲ್ಜಿನೇಟ್ ಮತ್ತೆ ಗ್ಲಿಸರಿನ್ ಸೇರಿಸಿದ ಒಂದು ಪುಡಿ ಮಾಡಿದ್ದಾರೆ, ರಕ್ತ ತಾಗಿದ್ರೆ ಅದು ಅಲ್ಲೇ ಗಟ್ಟಿಯಾಗಿ ಲೀಕ್ ಕಡಿಮೆ ಆಗ್ತದೆ, ಮಣ್ಣಲ್ಲಿ ಕರಗುವಂಥದ್ದೂ ಹೌದು ಅಂತ. ಅಕ್ಕನಿಗೆ ಫೋನ್ ಮಾಡಿ ಹೇಳಿದೆ. "ಅದು ನಮ್ಮ ಕೈಗೆ ಬರುವಾಗ ಬರ್ಲಿ, ಮೊದಲು ನಿಮ್ಮ ಗಮ್ಮು ಸರಿ ಮಾಡ್ತೇನೆ" ಅಂದ್ರು. ಮುಂದಿನ ಬ್ಯಾಚಿಗೆ ಬೇರೆ ಗಮ್ಮು ತರಿಸಿದ್ದಾರಂತೆ, ವಿಂಗ್ಸ್ ಕೂಡ ಅರ್ಧ ಇಂಚು ಅಗಲ ಮಾಡಿದ್ದಾರೆ.

ಬೇಕಾದವರು ಬೆಳಿಗ್ಗೆಯೇ ಹೋಗಿ, ಶನಿವಾರ ಮಧ್ಯಾಹ್ನ ಮೇಲೆ ಯೂನಿಟ್ ಬಾಗಿಲು ಹಾಕ್ತಾರೆ, ಹೈವೇಯಿಂದ ಒಳಗೆ ರಿಕ್ಷಾ ಮಾಡ್ಬೇಕು. ಒಂದು ಪ್ಯಾಕೆಟ್ ತಂದು ಎರಡನೇ ದಿನಕ್ಕೆ ಹಾಕಿ ನೋಡಿ, ಮನೆಯಲ್ಲಿ ಗಂಜಿತಿಳಿ ಹೇಗೂ ಇರ್ತದೆ, ನೀವು ಈಗ ಬಳಸುವ ಪ್ಯಾಡಿಗೆ ಒಂದು ಸಲ ಹಾಕಿ ಎಷ್ಟು ಉದ್ದಕ್ಕೆ ಹೋಗ್ತದೆ ಅಂತ ಸ್ಕೇಲ್ ಇಟ್ಟು ನೋಡಿ. ನನ್ನ ಹತ್ತಿರ ಈಗ ಎರಡು ಪ್ಯಾಕೆಟ್ ಉಂಟು, ಒಂದನ್ನು ಅಂಗಡಿಯ ಡ್ರಾಯರಲ್ಲಿ ಇಟ್ಟಿದ್ದೇನೆ, ಅವತ್ತು ಸೀರೆ ಹಾಸಿ ಮುಚ್ಚಿದ ಹುಡುಗಿಗೆ ಅದು ಎಲ್ಲಿ ಉಂಟು ಅಂತ ಗೊತ್ತುಂಟು.